ಹೃದಯ ಕೋಶದಲ್ಲಿ ಕ್ಯಾಲ್ಸಿಯಂ ಸೋರಿಕೆ: ಮಾದರಿ ಕಟ್ಟುವವರಿಗೆ ಟಿಪ್ಪಣಿ

ಹೃದಯ ಸ್ನಾಯುಕೋಶದ ಕ್ಯಾಲ್ಸಿಯಂ ದಾಸ್ತಾನು ಇರುವುದು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಚೀಲದಲ್ಲಿ (ಮುಂದೆ ಎಸ್‌ಆರ್). ಅದರೊಳಗಿನ ಮುಕ್ತ ಕ್ಯಾಲ್ಸಿಯಂ ಸುಮಾರು 1 ಮಿಲಿಮೋಲಾರ್. ಎರಡು ಬಡಿತಗಳ ನಡುವೆ ಹೊರಗಿನ ಕೋಶದ್ರವ, ಅಂದರೆ ಸೈಟೊಸಾಲ್‌ನಲ್ಲಿ ಇರುವುದು 0.1 ಮೈಕ್ರೋಮೋಲಾರ್ ಮಾತ್ರ. ಈ ಬಿಡುವಿನಲ್ಲೂ ಎಸ್‌ಆರ್ ಪೊರೆಯ ಕ್ಯಾಲ್ಸಿಯಂ ಬಾಗಿಲುಗಳಾದ ರಯನೊಡೀನ್ ಚಾನಲ್‌ಗಳು ಆಗೊಮ್ಮೆ ಈಗೊಮ್ಮೆ ತೆರೆದುಕೊಳ್ಳುತ್ತವೆ. ಸೋರಿಕೆಯ ಬಹುಪಾಲು ಅದೇ.

ಹೃದಯ ಕೋಶದ ಗಣಿತ ಮಾದರಿಗಳಲ್ಲೊಂದಾದ 1994ರ ಲುವೊ–ರೂಡಿ ಮಾದರಿಯಲ್ಲಿ ಸೋರಿಕೆಯೆಂದರೆ ಒಂದು ಸ್ಥಿರಾಂಕವನ್ನು ಎಸ್‌ಆರ್ ಸಾಂದ್ರತೆಯಿಂದ ಗುಣಿಸಿದ್ದು, ಅಷ್ಟೇ. ಬಡಿತದ ಒಟ್ಟು ಲೆಕ್ಕಕ್ಕೆ ಇದು ಸಾಕು, ಸೋರಿಕೆಯನ್ನೇ ಅಭ್ಯಸಿಸಲು ಸಾಲದು. ನಿಜವಾದ ಕೋಶದಲ್ಲಿ ಎಸ್‌ಆರ್ ತುಂಬುತ್ತ ಹೋದಂತೆ ಸೋರಿಕೆ ಸರಳರೇಖೆಯಲ್ಲಿ ಏರುವುದಿಲ್ಲ, ಕಡಿದಾಗಿ ಮೇಲೇಳುತ್ತದೆ.

ಏಕೆ ಎಂಬುದಕ್ಕೆ ಡಯಾಡ್ ಸಂದಿಯ, ಅಂದರೆ ಕೋಶಪೊರೆಗೂ ಎಸ್‌ಆರ್‌ಗೂ ನಡುವೆ ಚಾನಲ್‌ಗಳು ತೆರೆದುಕೊಳ್ಳುವ ಕಿರುಜಾಗದ, ಲೆಕ್ಕ ನೋಡಿ. ತ್ರಿಜ್ಯ 200 ನ್ಯಾನೋಮೀಟರ್, ಎತ್ತರ 15 ನ್ಯಾನೋಮೀಟರ್ ಎಂದಿಟ್ಟುಕೊಂಡರೆ ಗಾತ್ರ ಸುಮಾರು 0.0019 ಘನ ಮೈಕ್ರೋಮೀಟರ್. ಅಷ್ಟರಲ್ಲಿ 0.1 ಮೈಕ್ರೋಮೋಲಾರ್ ಎಂದರೆ ಸರಾಸರಿ 0.11 ಅಯಾನು! ಅಂದರೆ ಹೆಚ್ಚಿನ ಹೊತ್ತು ಸಂದಿ ಖಾಲಿ. ಒಂದೇ ಚಾನಲ್ ತೆರೆದು 0.5 ಪಿಕೋಆಂಪಿಯರ್ ಹರಿದರೆ ಮಿಲಿಸೆಕೆಂಡಿಗೆ ಸುಮಾರು 1,560 ಅಯಾನು ಬಂದು ಬೀಳುತ್ತವೆ. ಅವು ಹರಡಿ ಹೋಗಲು 0.03 ಮಿಲಿಸೆಕೆಂಡ್ ಬೇಕೆಂದರೆ ಸಂದಿಯ ಸಾಂದ್ರತೆ ಕ್ಷಣದಲ್ಲೇ 40 ಮೈಕ್ರೋಮೋಲಾರ್ ದಾಟುತ್ತದೆ. ಆ ಕ್ಯಾಲ್ಸಿಯಂ ತಾಗಿ ಪಕ್ಕದ ಚಾನಲ್‌ಗಳೂ ತೆರೆದರೆ ಅದು ಸ್ಪಾರ್ಕ್, ಸೂಕ್ಷ್ಮದರ್ಶಕಕ್ಕೆ ಕಾಣುವ ಕಿಡಿ. ತೆರೆದದ್ದು ಒಂಟಿಯಾಗಿಯೇ ಮುಚ್ಚಿಕೊಂಡರೆ ಸೂಕ್ಷ್ಮದರ್ಶಕಕ್ಕೆ ಕಾಣದ ಸೋರಿಕೆ. ಎಸ್‌ಆರ್ ತುಂಬಿದ್ದಾಗ ಪ್ರವಾಹವೂ ಹೆಚ್ಚು, ಪಕ್ಕದ್ದು ತೆರೆಯುವ ಸಂಭವವೂ ಹೆಚ್ಚು. ಹೀಗಾಗಿ ಚಾನಲ್‌ಗಳನ್ನು ಯಾದೃಚ್ಛಿಕವಾಗಿ, ಮಾರ್ಕೋವ್ ಸ್ಥಿತಿಗಳಾಗಿಯೇ (ತೆರೆದ, ಮುಚ್ಚಿದ ಸ್ಥಿತಿಗಳ ನಡುವೆ ಸಂಭವಕ್ಕೆ ತಕ್ಕಂತೆ ಜಿಗಿಯುವಂತೆ) ಬರೆಯಬೇಕು. ಸರಾಸರಿ ಸಮೀಕರಣ ಈ ಕವಲನ್ನು ಹಿಡಿಯಲಾರದು.

ಕೋಡ್ ಕೆಡುವ ಜಾಗಗಳು ಎರಡು. ಸಂದಿಯ ಸಮೀಕರಣವನ್ನು ಸಾದಾ ಆಯ್ಲರ್ ವಿಧಾನದಲ್ಲಿ (ಈಗಿನ ದರವನ್ನೇ ಇಡೀ ಹೆಜ್ಜೆಗೆ ಹಿಡಿದು ಮುಂದೆ ಸಾಗುವುದು) 0.1 ಮಿಲಿಸೆಕೆಂಡ್ ಹೆಜ್ಜೆಯಿಟ್ಟು ಬಿಡಿಸಿದರೆ ಸಾಂದ್ರತೆ ಋಣಕ್ಕಿಳಿದು ಲೆಕ್ಕವೇ ಸಿಡಿಯುತ್ತದೆ. ಹೆಜ್ಜೆ ಒಂದೆರಡು ಮೈಕ್ರೋಸೆಕೆಂಡ್ ಇರಲಿ. ಇನ್ನೊಂದು, ಗಾತ್ರದ ಅನುಪಾತ. ಸೈಟೊಸಾಲ್ ಕೋಶದ 65%, ಎಸ್‌ಆರ್ 3.5% ಎಂದಾದರೆ ಸೈಟೊಸಾಲ್‌ಗೆ 1 ಮೈಕ್ರೋಮೋಲಾರ್ ಸೋರಿದಾಗ ಎಸ್‌ಆರ್‌ನ ಒಟ್ಟು ಕ್ಯಾಲ್ಸಿಯಂನಲ್ಲಿ 18.6 ಮೈಕ್ರೋಮೋಲಾರ್ ಕಳೆಯಬೇಕು. ಇದನ್ನು ಮರೆತರೆ ದಾಸ್ತಾನು ಖಾಲಿಯಾಗುವುದೇ ಇಲ್ಲ, ಗ್ರಾಫ್ ಮಾತ್ರ ಚೆನ್ನಾಗಿ ಕಾಣುತ್ತದೆ!

ಸೋರಿಕೆ ಅಳೆಯಲು ಪ್ರಯೋಗಾಲಯದ ಟೆಟ್ರಕೇನ್ (ರಯನೊಡೀನ್ ಚಾನಲ್ ಮುಚ್ಚುವ ಔಷಧ) ವಿಧಾನವನ್ನೇ ಅನುಸರಿಸಿ. ಕೋಶಪೊರೆಯ ಹರಿವುಗಳನ್ನೆಲ್ಲ ಸೊನ್ನೆ ಮಾಡಿ, ಒಮ್ಮೆ ಚಾನಲ್ ಇದ್ದಂತೆಯೂ ಒಮ್ಮೆ ಪೂರ್ತಿ ಮುಚ್ಚಿಯೂ ಓಡಿಸಿ, ಸೈಟೊಸಾಲ್ ಎಷ್ಟು ಇಳಿಯಿತು, ಎಸ್‌ಆರ್ ಎಷ್ಟು ಏರಿತು ನೋಡಿ. ಹೋಲಿಕೆ ಒಂದೇ ಎಸ್‌ಆರ್ ಮಟ್ಟದಲ್ಲಿರಲಿ, ಇಲ್ಲದಿದ್ದರೆ ಅರ್ಥವಿಲ್ಲ.

ಚಾನಲ್ ತೆರೆಯುವ ದರ ದುಪ್ಪಟ್ಟು ಮಾಡಿ ಮೊದಲ ಕೆಲವು ಬಡಿತ ನೋಡಿ ತೀರ್ಮಾನಿಸುವುದು ತುಂಬ ಸಾಮಾನ್ಯವಾದ ತಪ್ಪು. ತೊಟ್ಟಿಯ ತೂತು ದೊಡ್ಡದಾದರೆ ನೀರು ಇಳಿಯುತ್ತದೆ, ಇಳಿದಷ್ಟೂ ಸೋರುವುದು ಕಡಿಮೆ. ಇಲ್ಲಿಯೂ ಹಾಗೆಯೇ: ಹೆಚ್ಚುವರಿ ಕ್ಯಾಲ್ಸಿಯಂ ಕೋಶಪೊರೆಯ ಸೋಡಿಯಂ–ಕ್ಯಾಲ್ಸಿಯಂ ವಿನಿಮಯಕದ ಮೂಲಕ ಹೊರಹೋಗಿ ಎಸ್‌ಆರ್ ಮಟ್ಟ ಕುಸಿಯುತ್ತದೆ, ಸೋರಿಕೆ ಬಹುಪಾಲು ಹಳೆಯ ಮಟ್ಟಕ್ಕೇ ಮರಳುತ್ತದೆ. ಪ್ರತಿ ಬಡಿತದಲ್ಲಿ ಒಳಬಂದದ್ದೂ ಹೊರಹೋದದ್ದೂ ಸಮವಾಗುವವರೆಗೆ ಓಡಿಸಿ. ಆಮೇಲೆ ಎಸ್‌ಆರ್‌ಗೆ ಕ್ಯಾಲ್ಸಿಯಂ ಮರಳಿ ತುಂಬುವ ಸೆರ್ಕಾ ಪಂಪಿನ ವೇಗ ಹೆಚ್ಚಿಸಿ, ಅಡ್ರಿನಲಿನ್ ಮಾಡುವಂತೆ. ದಾಸ್ತಾನು ಮತ್ತೆ ತುಂಬಿ, ಸ್ಪಾರ್ಕ್‌ಗಳು ಅಲೆಯಾಗಿ, ವಿನಿಮಯಕದ ಪ್ರವಾಹ ಪೊರೆಯನ್ನು ಅಕಾಲದಲ್ಲಿ ಪ್ರಚೋದಿಸುವುದು ಆಗ. ರಯನೊಡೀನ್ ಚಾನಲ್‌ನ ಆನುವಂಶಿಕ ದೋಷವಿರುವ ಸಿಪಿವಿಟಿ ಎಂಬ ಹೃದಯಲಯ ರೋಗದವರಲ್ಲಿ ಓಟ, ಭಯ, ಉದ್ವೇಗದ ಹೊತ್ತಿನಲ್ಲೇ ಲಯ ತಪ್ಪುವುದನ್ನು ಈ ಕ್ರಮದಲ್ಲಿ ಓಡಿಸಿದ ಮಾದರಿ ತೋರಿಸಬಲ್ಲದು.