ಪುಣೆಯಲ್ಲಿ ಡಾಗ್‌ವುಡ್ ಹೂ ಬಿಡುತ್ತಾ?

ಪ್ರಶ್ನೆ: ಮಗಳು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿದ್ದಾಳೆ. ಏಪ್ರಿಲ್‌ನಲ್ಲಿ ಅಲ್ಲಿ ಡಾಗ್‌ವುಡ್ ಮರದ ತುಂಬ ಬಿಳಿ ಹೂ ನೋಡಿ ಮರುಳಾದೆ. ಪುಣೆಗೆ ಬಂದು ಆನ್‌ಲೈನ್‌ನಲ್ಲಿ 'ಟ್ರಾಪಿಕಲ್ ಡಾಗ್‌ವುಡ್' ಸಸಿ ತರಿಸಿದರೆ ಹೂ ಗುಲಾಬಿ ಬಣ್ಣ, ಎಲೆಯೂ ಬೇರೆ. ಮೋಸ ಹೋದೆನಾ? (ಕೋಥರೂಡ್‌ನಿಂದ)

ಅರ್ಧ ಮೋಸ ಅನ್ನಿ. ನಿಮ್ಮ ಮನೆಗೆ ಬಂದಿರೋದು ಮುಸಾಂಡ. ಅದಕ್ಕೆ ಟ್ರಾಪಿಕಲ್ ಡಾಗ್‌ವುಡ್ ಅನ್ನೋ ಹೆಸರೂ ಇದೆ, ಆದರೆ ಎರಡಕ್ಕೂ ನೆಂಟಸ್ತನ ಇಲ್ಲ. ಮುಸಾಂಡ ಕಾಫಿ ಗಿಡದ ಕುಟುಂಬದ್ದು. ನಾನೂ ಹೀಗೇ ಒಮ್ಮೆ ತರಿಸಿ, ಮಾರಿದವರ ಜೊತೆ ಜಗಳ ಆಡಿ, ಆಮೇಲೆ ಅದೇ ಗಿಡಕ್ಕೆ ಸೋತವನು.

ನಿಜವಾದ ಡಾಗ್‌ವುಡ್, ಅಂದರೆ ಕಾರ್ನಸ್ ಫ್ಲೋರಿಡಾ, ಇಲ್ಲಿ ಬೇಡ. ಬೇಸಿಗೆಯಲ್ಲಿ ಮೊಗ್ಗು ಕಟ್ಟಿ, ಚಳಿಗಾಲವೆಲ್ಲ ಮುಚ್ಚಿಕೊಂಡಿದ್ದು, ವಾರಗಟ್ಟಲೆ ಕೊರೆಯುವ ಚಳಿ ತಿಂದ ಮೇಲೇ ಅದು ವಸಂತದಲ್ಲಿ ಸರಿಯಾಗಿ ಅರಳೋದು. ಪುಣೆಯಲ್ಲಿ ಜನವರಿ ಬೆಳಗ್ಗೆ ಸ್ವೆಟರ್ ಹಾಕ್ತೀವಿ, ಮಧ್ಯಾಹ್ನ ಫ್ಯಾನ್ ಹಾಕ್ತೀವಿ, ಇದು ಯಾವ ಲೆಕ್ಕಕ್ಕೂ ಸಾಲಲ್ಲ. ಮೇಲಾಗಿ ಅದು ದೊಡ್ಡ ಮರಗಳ ನೆರಳಲ್ಲಿ, ಹುಳಿ ಗುಣದ ಸಡಿಲ ಮಣ್ಣಿನಲ್ಲಿ ಬೆಳೆಯುವ ಜಾತಿ, ನಮ್ಮದು ಮಳೆಗಾಲದಲ್ಲಿ ನೀರು ಹಿಡಿದು ಕೂರುವ ಕಪ್ಪು ಮಣ್ಣು. 1912ರಲ್ಲಿ ಟೋಕಿಯೊ ನಗರ ಕೊಟ್ಟ ಚೆರ್ರಿ ಗಿಡಗಳಿಗೆ ಪ್ರತಿಯಾಗಿ ಅಮೆರಿಕ 1915ರಲ್ಲಿ ಡಾಗ್‌ವುಡ್ ಕಳಿಸಿತ್ತು, ಅಲ್ಲಿ ಅವು ನಿಂತವು, ಯಾಕೆಂದರೆ ಟೋಕಿಯೊಗೆ ನಿಜವಾದ ಚಳಿಗಾಲ ಇದೆ.

ಆದರೆ ಒಂದು ಮಜಾ ಕೇಳಿ. ನೀವು ಮರುಳಾದ ಆ ನಾಲ್ಕು ಬಿಳಿ ಎಸಳು ಎಸಳೇ ಅಲ್ಲ, ಬಣ್ಣ ಬದಲಿಸಿದ ಎಲೆಗಳು. ಹೂ ಅಂದರೆ ನಡುವಿನ ಹಳದಿ-ಹಸಿರು ಚುಕ್ಕಿಗಳ ಗೊಂಚಲು. ಮುಸಾಂಡದ್ದೂ ಅದೇ ಆಟ, ಮೊಗ್ಗಿನ ಹೊರಗಿನ ಹಸಿರು ಹೊದಿಕೆ ಇರುತ್ತಲ್ಲ, ಅದೇ ಹಿಗ್ಗಿ ಗುಲಾಬಿಯೋ ಬಿಳಿಯೋ ಆಗುತ್ತೆ, ಅದರ ನಡುವೆ ಪುಟ್ಟ ಹಳದಿ ನಕ್ಷತ್ರ. ಬಿಳಿಯದೇ ಬೇಕಿದ್ದರೆ ನರ್ಸರಿಯಲ್ಲಿ ಬಿಳಿ ಮುಸಾಂಡ ಕೇಳಿ. ಹೂ ಬಿಟ್ಟಿರುವಾಗಲೇ ಹೋಗಿ, ಮಾತು ನಂಬಬೇಡಿ. ಮಳೆಗಾಲದಲ್ಲಿ ಸಹ್ಯಾದ್ರಿ ಘಾಟಿನ ಪೊದೆಗಳ ನಡುವೆ ಬಿಳಿ ಎಲೆ ಅಂಟಿಸಿದ ಹಾಗೆ ಕಾಣುತ್ತಲ್ಲ, ಮರಾಠಿಯವರು ಭೂತಕೇಸ್ ಅಂತಾರೆ, ಅದೂ ಮುಸಾಂಡವೇ.

ಆರೈಕೆ ಜಾಸ್ತಿ ಇಲ್ಲ. ಚೆನ್ನಾಗಿ ಬಿಸಿಲು, ನೀರು ನಿಲ್ಲದ ಮಣ್ಣು. ಡಿಸೆಂಬರ್-ಜನವರಿಯಲ್ಲಿ ಎಲೆ ಉದುರಿ ಒಣಕಡ್ಡಿ ಆಗಬಹುದು. ಸತ್ತಿತು ಅಂತ ಕೀಳಬೇಡಿ, ಪಾಪ ಅಂತ ಸುಮ್ನೆ ನೀರೂ ಸುರಿಯಬೇಡಿ. ಬೇರು ಕೊಳೆಯೋದು ಆಗಲೇ. ಫೆಬ್ರವರಿ ಕೊನೆಗೆ ಧೈರ್ಯವಾಗಿ ಅರ್ಧಕ್ಕೆ ಕತ್ತರಿಸಿ, ಗೊಬ್ಬರ ಕೊಡಿ. ಹೂ ಬರೋದು ಹೊಸ ಚಿಗುರಿನ ತುದಿಯಲ್ಲಿ.

ಹಾಂ, ಮಗಳಿಗೆ ಒಂದು ಮಾತು ಹೇಳಿ. ಡಾಗ್‌ವುಡ್ ಬೇರು ಮೇಲ್ಮಣ್ಣಲ್ಲೇ ಹರಡಿರುತ್ತೆ, ಸುತ್ತ ಎರಡು-ಮೂರು ಇಂಚು ತರಗೆಲೆ ಹಾಸಲಿ, ಕಾಂಡಕ್ಕೆ ಮಾತ್ರ ತಾಗಿಸದೆ. ಹುಲ್ಲು ಕತ್ತರಿಸುವ ಯಂತ್ರ ತೊಗಟೆಗೆ ಬಡಿದರೆ ಆ ಗಾಯದಲ್ಲೇ ಕಾಂಡ ಕೊರೆಯುವ ಹುಳು ನುಗ್ಗುತ್ತೆ.