ಒಂದು ಶ್ವಾಸಕೋಶ ಕುಗ್ಗಿಸಿದರೆ ಉಸಿರಾಟ ಹೇಗೆ?

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: "ಅಂಗೈ ಬೆವರಿಗೆ ಆಪರೇಶನ್ ಮಾಡಿಸಬೇಕು ಅಂತಿದ್ದೇನೆ. ಆಗ ಶ್ವಾಸಕೋಶವನ್ನೇ ಕುಗ್ಗಿಸುತ್ತಾರಂತೆ. ಅಷ್ಟು ಹೊತ್ತು ನಾನು ಉಸಿರಾಡೋದು ಹೇಗೆ? ಅಮ್ಮ ಬೇಡವೇ ಬೇಡ ಅಂತಿದ್ದಾರೆ."

ಅಮ್ಮನಿಗೆ ಭಯ ಆಗದೆ ಇರುತ್ತಾ? ಮುಂಬಯಿಯಲ್ಲಿ ಅರಿವಳಿಕೆ ಕೊಡುವುದೇ ನನ್ನ ಕೆಲಸ. ನಿಮ್ಮ ತಲೆಯ ಹತ್ತಿರ ಕೂತವರಿಗೆ ಏನು ಕಾಣುತ್ತದೋ ಅದನ್ನೇ ಹೇಳುತ್ತೇನೆ.

ಅಂಗೈ ಬೆವರಿಸುವ ನರ ಬೆನ್ನುಮೂಳೆಯ ಪಕ್ಕದಲ್ಲಿ, ಪಕ್ಕೆಲುಬುಗಳ ಬುಡದ ಮೇಲೆ ಬಿಳಿ ದಾರದ ಹಾಗೆ ಇಳಿದಿರುತ್ತದೆ. ಅದನ್ನು ಕತ್ತರಿಸುವುದೇ ಈ ಆಪರೇಶನ್. ಆದರೆ ಉಬ್ಬಿದ ಶ್ವಾಸಕೋಶ ಅದನ್ನು ಮುಚ್ಚಿಬಿಡುತ್ತದೆ. ಎದೆಯೊಳಗೆ ಬಿಡುವ ಸಣ್ಣ ಕ್ಯಾಮೆರಾಕ್ಕೆ ನರ ಕಾಣಬೇಕಾದರೆ ಆ ಬದಿಯದನ್ನು ಸ್ವಲ್ಪ ಹೊತ್ತು ಕುಗ್ಗಿಸಲೇಬೇಕು.

ನೀವು ಆಗ ಪೂರ್ತಿ ನಿದ್ದೆಯಲ್ಲಿರುತ್ತೀರಿ, ಸ್ನಾಯು ಸಡಿಲಿಸುವ ಮದ್ದೂ ಕೊಟ್ಟಿರುತ್ತೇವೆ, ಹಾಗಾಗಿ ನಿಮ್ಮ ಉಸಿರಿನ ಕೆಲಸ ಪೂರ್ತಿ ನಮ್ಮದು. ಶ್ವಾಸನಾಳಕ್ಕೆ ಹಾಕುವ ಟ್ಯೂಬಿನಲ್ಲಿ ಎರಡು ದಾರಿ ಇರುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ. ಬಲಗಡೆ ಕೆಲಸ ನಡೆಯುವಾಗ ಆ ದಾರಿ ಮುಚ್ಚಿ ಎಡಕ್ಕೆ ಮಾತ್ರ ಆಕ್ಸಿಜನ್ ಕೊಡುತ್ತೇವೆ. ಕೆಲವರು ಮಾಮೂಲಿ ಟ್ಯೂಬನ್ನೇ ಹಾಕಿ, ಎದೆಯೊಳಗೆ ಕಡಿಮೆ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಜಾಗ ಮಾಡಿಕೊಳ್ಳುತ್ತಾರೆ. ಅದೂ ಸರಿಯೇ.

ಕುಗ್ಗಿದ ಕಡೆಗೂ ರಕ್ತ ಹರಿಯುತ್ತಲೇ ಇರುತ್ತದೆ, ಅದಕ್ಕೆ ಆಕ್ಸಿಜನ್ ಸಿಗುವುದಿಲ್ಲ. ಹೀಗಾಗಿ ಕೆಲವೊಮ್ಮೆ ರಕ್ತದ ಆಕ್ಸಿಜನ್ ಮಟ್ಟ ಇಳಿಯುತ್ತದೆ. ಅದನ್ನು ಅಳೆಯಲು ನಿಮಗೆ ಹಾಕಿದ ಕ್ಲಿಪ್ಪಿನಿಂದ ಬರುವ ಪೀಂ ಪೀಂ ಸದ್ದಿನ ಸ್ವರವೇ ಆಗ ತಗ್ಗುತ್ತದೆ, ಪರದೆ ನೋಡುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಜಾಸ್ತಿ ಇಳಿದರೆ ಸರ್ಜನ್‌ಗೆ ನಿಲ್ಲಿಸಲು ಹೇಳಿ ಎರಡೂ ಕಡೆ ಉಬ್ಬಿಸುತ್ತೇವೆ.

ನರ ಕತ್ತರಿಸಿದ ಮೇಲೆ ಅಂಗೈ ಬೆಚ್ಚಗಾಗುತ್ತದೆ. ಆಮೇಲೆ ನಾನು ಟ್ಯೂಬಿಗೆ ಗಾಳಿ ತುಂಬುವ ಬ್ಯಾಗ್ ನಿಧಾನಕ್ಕೆ ಒತ್ತುತ್ತೇನೆ. ಮುದುಡಿದ ಶ್ವಾಸಕೋಶ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು ಪರದೆ ತುಂಬಾ ಗುಲಾಬಿಯಾಗುತ್ತದೆ, ಮೇಲೆ ನಮ್ಮ ಊರಿನ ಹೊಗೆಯ ಕಪ್ಪು ಚುಕ್ಕೆಗಳು. ಅದು ಪೂರ್ತಿ ಅರಳಿದ್ದನ್ನು ಕಣ್ಣಾರೆ ನೋಡಿಯೇ ಇನ್ನೊಂದು ಬದಿಗೆ ಹೋಗುವುದು. ಕೊನೆಗೆ ಎದೆಯಲ್ಲಿ ಗಾಳಿ ಉಳಿದಿದೆಯಾ ಅಂತ ಎಕ್ಸ್‌ರೇ.

ಆದರೆ ನನಗೆ ಉಸಿರಿಗಿಂತ ಜಾಸ್ತಿ ಚಿಂತೆ ಬೇರೆಯದು. ಕೈ ಒಣಗಿದ ಮೇಲೆ ಬೆನ್ನು, ಹೊಟ್ಟೆ, ತೊಡೆ ಬೆವರಲು ಶುರುವಾಗಬಹುದು. ಮೇ ತಿಂಗಳ ಲೋಕಲ್ ಟ್ರೈನಿನಲ್ಲಿ ಅದು ಸಣ್ಣ ವಿಷಯ ಅಲ್ಲ, ಹಿಂದೆ ತಿರುಗಿಸುವ ಖಾತ್ರಿ ದಾರಿಯೂ ಇಲ್ಲ. ಹಚ್ಚುವ ಔಷಧ, ನೀರಿನ ತಟ್ಟೆಯಲ್ಲಿ ಕೈಯಿಟ್ಟು ಕೊಡುವ ಸಣ್ಣ ಕರೆಂಟಿನ ಚಿಕಿತ್ಸೆ, ಬೊಟಾಕ್ಸ್, ಇವನ್ನೆಲ್ಲ ಮೊದಲು ನೋಡಿದ್ದೀರಾ?

ಆಪರೇಶನ್‌ಗೆ ಮುಂಚೆ ಅರಿವಳಿಕೆ ವೈದ್ಯರು ನಿಮ್ಮನ್ನು ತಪಾಸಣೆಗೆ ಕರೆಯುತ್ತಾರೆ. ಅಸ್ತಮಾ, ಸಿಗರೇಟು ಯಾವುದನ್ನೂ ಮುಚ್ಚಿಡಬೇಡಿ. ಅಮ್ಮನನ್ನೂ ಕರ್ಕೊಂಡು ಹೋಗಿ, ಈ ಪ್ರಶ್ನೆಯನ್ನು ಅವರೇ ಕೇಳಲಿ.