ಡಬಲ್ ಔಷಧ ಅಂದ್ರೆ ಡಬಲ್ ಗುಣವಾ?

"ಎರಡು ಔಷಧ ಕೂಡ್ಸಿ ಕೊಟ್ರ ಡಬಲ್ ಗುಣ ಆಗ್ತದೇನಪಾ?" ಅಂತ ಕಾಕಾ ಕೇಳಿದರು. ಕಲಬುರಗಿಯ ನಮ್ಮ ಮನೆ ಪಡಸಾಲೆ, ಅವರ ತೊಡೆ ಮೇಲೆ ಹೈದರಾಬಾದಿನ ಆಸ್ಪತ್ರೆಯವರು ಕೊಟ್ಟ ಒಪ್ಪಿಗೆ ಫಾರ್ಮ್, ಎರಡು ಔಷಧ ಕೂಡಿಸಿ ರೋಗಿಗಳಿಗೆ ಕೊಟ್ಟು ನೋಡುವ ಒಂದು ಟ್ರಯಲ್‌ಗೆ, ಅಂದ್ರೆ ಪ್ರಯೋಗಕ್ಕೆ, ಸೇರೋದಕ್ಕೆ. ಕಾಕಾನ ಕಾಯಿಲೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಟ್ರಯಲ್ ಮಾತ್ರ ಮೊದಲನೇ ಹಂತದ್ದು. ಈ ಎರಡು 'ಹಂತ'ಗಳನ್ನು ಕಲಸಿಕೊಂಡು, ರೋಗವೇ ಮೊದಲನೇ ಹಂತಕ್ಕೆ ಇಳಿದಿದೆ ಅಂತ ಮನೆಯವರೆಲ್ಲ ಅರ್ಧ ದಿನ ಖುಷಿಪಟ್ಟಿದ್ದೆವು.

ಕಾಕಾಗೆ ಹೇಳೋದು ಸುಲಭ, ಜನ್ಮವಿಡೀ ತೊಗರಿ ಬೆಳೆದವರು. ಕಾಯಿಕೊರಕಕ್ಕೆ ವರ್ಷ ವರ್ಷ ಒಂದೇ ಎಣ್ಣೆ ಹೊಡೆದರೆ ಹುಳ ಆಮೇಲೆ ಅದಕ್ಕೆ ಬಗ್ಗಲ್ಲ. ಕ್ಯಾನ್ಸರ್ ಕೋಶಗಳೂ ಹಾಗೇ, ಒಂದು ಔಷಧಕ್ಕೆ ಸಾಯದೆ ಉಳಿದವೇ ಮತ್ತೆ ಬೆಳೆಯುತ್ತವೆ. ಅದಕ್ಕೇ ಬೇರೆ ಬೇರೆ ದಾರಿಯಿಂದ ಹೊಡೆಯುವ ಎರಡು ಔಷಧ. ಆದರೆ ಎರಡು ಎಣ್ಣೆಯನ್ನು ಪಂಪಿಗೆ ಸುರಿಯುವ ಮುಂಚೆ ಕಾಕಾ ಒಂದು ಬಾಟಲಿಯಲ್ಲಿ ಚೂರು ಚೂರು ಬೆರೆಸಿ, ಹಾಲು ಒಡೆದಂಗೆ ಒಡೆಯುತ್ತಾ ಅಂತ ನೋಡುತ್ತಾರೆ, ಆಮೇಲೆ ಒಂದೇ ಸಾಲಿಗೆ ಹೊಡೆದು ಎಲೆ ಸುಟ್ಟಿದೆಯಾ ಅಂತ ಮರುದಿನ ಹೋಗಿ ನೋಡುತ್ತಾರೆ. ಮೊದಲ ಹಂತದ ಟ್ರಯಲ್ ಅಂದ್ರೆ ಆ ಒಂದು ಸಾಲು. ಹುಳ ಸತ್ತಿತಾ ಅನ್ನೋದು ಆಮೇಲಿನ ಮಾತು, ಮೊದಲು ಗಿಡ ತಡೆದುಕೊಳ್ಳಬೇಕು.

ಈ ಟ್ರಯಲ್‌ಗಳಲ್ಲಿ ಡೋಸ್ ಏರಿಸುವ ಹಳೇ ಪದ್ಧತಿ ಹೀಗೆ. ಮೂವರಿಗೆ ಕಡಿಮೆ ಡೋಸ್. ಮೊದಲ ಸುತ್ತಿನಲ್ಲಿ, ಅಂದ್ರೆ ಸಾಮಾನ್ಯವಾಗಿ ಮೂರು ವಾರ, ಯಾರಿಗೂ ಭಾರಿ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಸ್ವಲ್ಪ ಜಾಸ್ತಿ. ಒಬ್ಬರಿಗೆ ಆದರೆ ಅದೇ ಡೋಸನ್ನು ಇನ್ನೂ ಮೂವರಿಗೆ ಕೊಟ್ಟು ನೋಡುತ್ತಾರೆ. ಇಬ್ಬರಿಗೆ ಆಯ್ತೋ, ಹಿಂದಕ್ಕೆ.

ಇದರಲ್ಲಿ ಗೊತ್ತಾಗುವ ಸಂಗತಿಗಳು ಕೆಲವೊಮ್ಮೆ ವಿಚಿತ್ರ. ಟ್ಯಾಕ್ಸಾಲ್ ಮತ್ತು ಸಿಸ್‌ಪ್ಲಾಟಿನ್ ಅನ್ನೋ ಎರಡು ಕೀಮೋ ಔಷಧ ತಗೊಳ್ಳಿ. 1991ರಲ್ಲಿ ಪ್ರಕಟವಾದ ಅಮೆರಿಕದ ಒಂದು ಮೊದಲ ಹಂತದ ಟ್ರಯಲ್‌ನಲ್ಲಿ, ಸಿಸ್‌ಪ್ಲಾಟಿನ್ ಮೊದಲು ಕೊಟ್ಟಾಗ ಬಿಳಿ ರಕ್ತಕಣ ಜಾಸ್ತಿ ಕುಸಿದವು. ಟ್ಯಾಕ್ಸಾಲ್ ಮೊದಲು ಕೊಟ್ಟರೆ ಅಷ್ಟಿಲ್ಲ. ಔಷಧ ಅವೇ, ಸರದಿ ಮಾತ್ರ ಬೇರೆ! ಸಿಸ್‌ಪ್ಲಾಟಿನ್ ಮುಂದೆ ಹೋದರೆ ಮೈ ಟ್ಯಾಕ್ಸಾಲನ್ನು ಹೊರಹಾಕೋದು ನಿಧಾನವಾಗುತ್ತೆ. ಸಿಸ್‌ಪ್ಲಾಟಿನ್ ಬಳಗದ್ದೇ ಆದ ಕಾರ್ಬೋಪ್ಲಾಟಿನ್ ಕತೆ ಉಲ್ಟಾ. ಒಂಟಿಯಾಗಿ ಕೊಟ್ಟರೆ ಪ್ಲೇಟ್‌ಲೆಟ್ ಇಳಿಸುವ ಈ ಔಷಧ, ಟ್ಯಾಕ್ಸಾಲ್ ಜೊತೆ ಸೇರಿದಾಗ ಅಂದುಕೊಂಡಷ್ಟು ಇಳಿಸಲಿಲ್ಲ.

ಕೆಟ್ಟ ಜೋಡಿಗಳೂ ಇವೆ. ಒಸಿಮರ್ಟಿನಿಬ್ ಮಾತ್ರೆ, ದುರ್ವಾಲುಮಾಬ್ ಇಂಜೆಕ್ಷನ್, ಎರಡೂ ಬೇರೆ ಬೇರೆಯಾಗಿ ಶ್ವಾಸಕೋಶದ ಕ್ಯಾನ್ಸರಿಗೆ ಕೆಲಸಕ್ಕೆ ಬಂದಿವೆ. ಟ್ಯಾಟನ್ ಅನ್ನೋ ಟ್ರಯಲ್‌ನಲ್ಲಿ ಕೂಡಿಸಿ ಕೊಟ್ಟರೆ ಶ್ವಾಸಕೋಶಕ್ಕೇ ಉರಿಯೂತ ಬಂದವರು ಎಷ್ಟು ಜನರೆಂದರೆ, ಆ ಜೋಡಿಯನ್ನು ಅಲ್ಲಿಗೇ ನಿಲ್ಲಿಸಿದರು.

ಕಾಕಾ ಕೇಳಿದ 'ಡಬಲ್' ಸಿಗೋದು ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ. ಇದು ಆರಂಭದ ಟ್ರಯಲ್ ಅಲ್ಲ, ದೊಡ್ಡದು. ಕ್ಯಾನ್ಸರ್ ಕೋಶದ ಇಜಿಎಫ್ಆರ್ ಅನ್ನೋ ಜೀನ್‌ನಲ್ಲಿ ಬದಲಾವಣೆ ಇರುವ 350 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬರೀ ಜೆಫಿಟಿನಿಬ್ ಮಾತ್ರೆ ನುಂಗಿದವರಲ್ಲಿ ರೋಗ ಮುಂದುವರಿಯದೆ ನಿಂತದ್ದು ಸುಮಾರು 8 ತಿಂಗಳು, ಜೊತೆಗೆ ಕೀಮೋನೂ ತಗೊಂಡವರಲ್ಲಿ 16. ಗಂಭೀರ ಅಡ್ಡಪರಿಣಾಮವೂ ಹೆಚ್ಚುಕಡಿಮೆ ಎರಡು ಪಟ್ಟು. ಡಬಲ್ ಅಂದ್ರೆ ಎರಡೂ ಕಡೆ ಡಬಲ್, ಅಲ್ವಾ?

ಕಾಕಾ ಎಲ್ಲ ಕೇಳಿಸಿಕೊಂಡು, ಕನ್ನಡಕ ಒರೆಸಿ, ಫಾರ್ಮ್ ಮಡಚಿ ಜೇಬಿಗಿಟ್ಟರು. ಮುಂದಿನ ವಾರ ಡಾಕ್ಟರ ಮುಂದೆ ಕುಂತು ಅವರು ಕೇಳಿದ್ದು ಒಂದೇ ಪ್ರಶ್ನೆ: "ಸಾಹೇಬ್ರ, ನಾ ಎಷ್ಟನೇ ಮೂರು ಮಂದ್ಯಾಗ ಬರ್ತೀನ್ರಿ?"